ಮೊದಲ ಹೆಜ್ಜೆ ಕಸಿದುಕೊಂಡ ಕರಿ ತಟ್ಟೆ

ನನ್ನ ಮೊಮ್ಮಗಳು ಅಕ್ಕೂ ಇವತ್ತು ನಡೆದಳು! ಗೋಡೆ ಹಿಡಿಯದೆ, ಯಾರ ಬೆರಳನ್ನೂ ಹಿಡಿಯದೆ, ಆಗತಾನೇ ಹುಟ್ಟಿದ ಕರುವಿನ ಹಾಗೆ ತೂರಾಡುತ್ತ ನಡೆದೇಬಿಟ್ಟಳು. ಬಾಯಿಗೆ ಸಕ್ಕರೆ ಹಾಕಿಕೊಂಡು ಮುಂದಿನದು ಕೇಳ್ರಿ. ಅದರಲ್ಲಿ ಸ್ವಲ್ಪ ಖಾರ ಅದ.

ಬಾರಾಮತಿಯಿಂದ ಬಂದಿರುವ ಬೀಗತಿಗೂ, ಅಂದರೆ ಸೊಸೆಯ ತಾಯಿಗೂ, ನನಗೂ ಬಾಯಿಬಿಟ್ಟು ಆಡದ ಒಂದು ಪೈಪೋಟಿ ನಡೆದಿತ್ತು: ಕೂಸು ಮೊದಲ ಹೆಜ್ಜೆ ಯಾರ ಕಡೆ ಇಡುತ್ತದೆ? ಇಂದು ಮುಂಜಾನೆ ಆಕೆ ಬೆಲ್ಲದ ಚೂರು ಹಿಡಿದು ಒಂದು ಮೂಲೆಗೆ ಕೂತಿದ್ದಳು, ನಾನು ಬಳೆ ಕುಲುಕುತ್ತ ಇನ್ನೊಂದು ಮೂಲೆಗೆ. ಅಷ್ಟರಲ್ಲಿ ನನ್ನ ಮಗ ಬಸು, ರಿಪೇರಿಯಾಗಿ ಬಂದ ರೆಕಾರ್ಡ್ ಪ್ಲೇಯರಿನಲ್ಲಿ ತನ್ನ ಹಳೇ ಸಂಗೀತದ ಕರಿ ತಟ್ಟೆಯನ್ನಿಟ್ಟು ಮುಳ್ಳು ಇಳಿಸಿದ. ಧಮ್ ಧಮ್ ಧಮ್ ಶುರುವಾಯಿತು. ಅಕ್ಕೂ ಎದ್ದು, ಇಬ್ಬರು ಅಜ್ಜಿಯರ ನಡುವಿನಿಂದ ಹಾದು, ಆ ತಟ್ಟೆಯ ಕಡೆಗೇ ನಡೆದಳು.

"ಬೀಗತೇರ, ನಾವಿಬ್ರೂ ಸೋತ್ವಿ ನೋಡ್ರಿ!" ಎಂದು ಆಕೆ ನಕ್ಕಳು. ನನಗೆ ನಗು ಬರಲಿಲ್ಲ.

ಆ ತಟ್ಟೆಯ ಮೇಲಿನ ನನ್ನ ಹೊಟ್ಟೆಕಿಚ್ಚು ಇಂದಿನದಲ್ಲ. ಬಸು ಇಲ್ಲೇ ಪುಣೆ ಹತ್ತಿರದ ಚಾಕಣದ ಕಾರ್ಖಾನೆ ಸೇರಿ ಮೊದಲ ಪಗಾರ ತಂದಾಗ, ಸೀರೆ ಬರುತ್ತದೆಂದು ಕಾದಿದ್ದವಳ ಮನೆಗೆ ಬಂದದ್ದು ಅದು. ಹಾಡುವವರಿಲ್ಲ, ಮಾತಿಲ್ಲ, ಯಂತ್ರದಲ್ಲೇ ಹುಟ್ಟಿದ ಕುಣಿತದ ಸಂಗೀತವಂತೆ! ಸೊಸೆ ಬರುವುದಕ್ಕೆ ಮೊದಲೇ ಬಂದ ಸೊಸೆಯ ಹಾಗೆ ಮಗನ ಎರಡೂ ಕಿವಿ ಹಿಡಿದುಕೊಂಡಿತ್ತು. ಪ್ಲೇಯರ್ ಕೆಟ್ಟು ಅಟ್ಟ ಸೇರಿದ ಮೇಲೆಯೇ ಅವನಿಗೆ ನನ್ನ ಕರೆ ಕೇಳಿಸಿದ್ದು.

ಇಷ್ಟು ವರ್ಷಗಳ ಮೇಲೆ ಇಂದು ಮೊದಲ ಸಲ ಕೂತು ಕೇಳಿದೆ. ಕೇಳುತ್ತ ಕೇಳುತ್ತ ರಟ್ಟೆ ತಾನಾಗಿ ಮಿಡುಕಿತು. ಪುಣೆಗೆ ಬಂದ ಹೊಸದರಲ್ಲಿ ಕಾತ್ರಜದ ಕಡೆ ಕಟ್ಟಡಗಳ ಮಾಳಿಗೆಯ ಮೇಲೆ ನಾವು ಕೂಲಿ ಹೆಂಗಸರು ಸಾಲಾಗಿ ಕೂತು, ನೀರು ಸೋರದ ಹಾಗೆ ಮರದ ಹಲಗೆಯಿಂದ ಗಚ್ಚು ಬಡಿಯುತ್ತಿದ್ದದ್ದೂ ಇದೇ ತಾಳದಲ್ಲಿ. ಬಸು ಅಲ್ಲೇ ಸೀರೆಯ ಜೋಳಿಗೆಯಲ್ಲಿ ಮಲಗಿರುತ್ತಿದ್ದ. ಕಿಚ್ಚು ತಣ್ಣಗಾಯಿತೆಂದು ತಿಳೀಬ್ಯಾಡ್ರಿ, ಇನ್ನೂ ಹೆಚ್ಚಿತು. ನಮ್ಮ ಬಡಿತಕ್ಕೆ ಯಾರು ಎದ್ದು ಕುಣಿದರು? ನಮಗಾದರೂ ಕುಣಿಯುವ ಪುಣ್ಯವೆಲ್ಲಿತ್ತು?

ಸಂಜೆಗೆ ಕಡಬು ಕರಿದೆವು. ಕೂಸು ಯಾರ ಕಡೆ ನಡೆಯಿತೋ ಅವರಿಗೆ ಮೊದಲ ಕಡಬು, ಅದು ನಮ್ಮ ಮನೆಯ ರೂಢಿ.

"ಆ ಧಮ್ ಧಮ್ ಡಬ್ಬಿ ಮುಂದ ಇಡ್ರಿ ಈಗ!" ಎಂದು ಬೀಗತಿ ಕೆಣಕಿದಳು.

"ಅವ್ವಾ, ಅದಕ್ಕ ಬಾಯಿಲ್ಲ, ನನಗ ಕೊಡು," ಎಂದ ಬಸು.

"ಸುಮ್ನಿರೋ, ನಿನ್ನ ಪಾಲು ನೀ ನಡದ ದಿನಾನ ತಿಂದೀದಿ!"

ಇಟ್ಟೆ, ರೂಢಿ ಮುರಿಯಬಾರದಲ್ಲ. ಅಕ್ಕೂ ಆ ಕಡಬನ್ನು ಕಸಿದುಕೊಂಡು ಮತ್ತೆ ನಡೆದಳು. ನಾನು ಎರಡೂ ತೋಳು ಚಾಚಿದೆ. ಹೋಗಿ ಬೀಗತಿಯ ಮಡಿಲಲ್ಲಿ ಬಿದ್ದಳು, ಕಳ್ಳಿ!

ಬೀಗತಿ ನನ್ನ ಮುಖ ನೋಡಿದಳು. ಕಡಬು ಮುರಿದು ದೊಡ್ಡ ತುಂಡನ್ನು ನನ್ನ ಬಾಯಿಗೇ ಹಿಡಿದಳು. "ತಿನ್ರಿ ಬೀಗತೇರ, ಆರಿ ಹೋಗತದ."

ಎಲ್ಲರೂ ಒಂದೇ ಸಾಲಿಗೆ ಊಟಕ್ಕೆ ಕೂತೆವು. ನಾನು ಆಕೆಯ ಎಲೆಗೆ ತುಪ್ಪ ತುಸು ಹೆಚ್ಚೇ ಸುರಿದೆ.