ಒಡಕಿಗೆ ಎರಡು ಫರ್ಸಿ

ಮೌಲಾ ಸರ ಅವರ ಕರಿ ಮಾಸ್ಕಿನ ಮೇಲೆ ಸದಾ ಒಂದು ಬಿಳಿ ಹೆಬ್ಬೆಟ್ಟಿನ ಗುರುತು ಇರುತ್ತಿತ್ತು. ಸೀಮೆಸುಣ್ಣದ ಗುರುತು. ನಮ್ಮ ಕಡೆ ಅದಕ್ಕೆ ಖಡು ಎನ್ನುತ್ತೇವೆ. ಬರೆಯುತ್ತ ಬರೆಯುತ್ತ ಮಾಸ್ಕು ಮೂಗಿನಿಂದ ಜಾರುತ್ತಿತ್ತು, ಅವರು ಖಡು ಹಿಡಿದ ಕೈಯಿಂದಲೇ ಅದನ್ನು ಮೇಲೆ ತಳ್ಳುತ್ತಿದ್ದರು. "ಸರ, ಮಾಸ್ಕು ಮುಟ್ಟಬಾರದ್ರಿ, ಎಷ್ಟು ಸಲ ಹೇಳಬೇಕು ನಿಮಗ!" ಎಂದು ನಾನು ಗದರುತ್ತಿದ್ದೆ. ವಿಜ್ಞಾನ ಕಲಿಸುವವಳು ನಾನು; ಸೋಂಕು ಹೇಗೆ ಹರಡುತ್ತದೆ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. "ಹೌದ್ರಿ ಮೇಡಂ, ಖರೇ ಅದ" ಎಂದು ಒಪ್ಪಿಕೊಂಡು, ಮರುಕ್ಷಣವೇ ಮತ್ತೆ ಅದೇ ಕೈಯಿಂದ ತಳ್ಳುತ್ತಿದ್ದರು. ಅವರ ಮೇಲೆ ಸಿಟ್ಟು ಮಾಡಿ ಪ್ರಯೋಜನವಿರಲಿಲ್ಲ.

ಅವರು ನಮ್ಮ ಸರ್ಕಾರಿ ಪ್ರೌಢಶಾಲೆಯ ಗಣಿತದ ಮಾಸ್ತರರು. ಮನೆ ಶಹಾಬಾದ್, ಶಾಲೆ ವಾಡಿ ಸಮೀಪ, ನಿವೃತ್ತಿಗೆ ಇನ್ನೆರಡು ವರ್ಷ. ಶಾಲೆಗಳು ಮುಚ್ಚಿದ ಆ ವರ್ಷ ಹತ್ತನೆಯ ತರಗತಿಯಲ್ಲಿ ಮೂವತ್ತೆಂಟು ಮಕ್ಕಳಿದ್ದರು. ಹೆಚ್ಚಿನವರು ರಾವೂರಿನವರು, ಕಲ್ಲಿನ ಗಣಿಯಲ್ಲೋ ಪಾಲಿಶ್ ಮಷೀನಿನಲ್ಲೋ ದುಡಿಯುವವರ ಮಕ್ಕಳು. ಮನೆಗೊಂದು ಫೋನು, ಅದೂ ಅಪ್ಪನ ಜೇಬಿನಲ್ಲಿ. ನಾನು ನಮ್ಮ ಅಡುಗೆಮನೆಯಲ್ಲಿ ನಿಂತು, ಮೆಂತ್ಯದ ಸೂಡು ಕೈಯಲ್ಲಿ ಹಿಡಿದು, ದ್ಯುತಿಸಂಶ್ಲೇಷಣೆಯ ಪಾಠದ ವಿಡಿಯೋ ಮಾಡಿ ಗುಂಪಿಗೆ ಹಾಕಿದೆ. ನೋಡಿದವರು ಆರು ಜನ. ಅದರಲ್ಲಿ ಒಬ್ಬರು ನಮ್ಮ ಅತ್ತೆ. "ಮೆಂತ್ಯ ಬಾಡ್ಯಾದಲ್ಲ" ಎಂದಷ್ಟೇ ಅವರ ಅಭಿಪ್ರಾಯ.

ಮೌಲಾ ಸರ ವಿಡಿಯೋ ಮಾಡಲಿಲ್ಲ. ಒಂದು ಮುಂಜಾನೆ ನನ್ನನ್ನು ಜೊತೆಗೆ ಕರೆದುಕೊಂಡು ರಾವೂರಿನ ಓಣಿಯೊಳಗೆ ನಡೆದರು. ಅಲ್ಲಿಯ ಮನೆಗಳನ್ನು ಕಂಡವರಿಗೆ ಗೊತ್ತು, ನೆಲಕ್ಕೆ ಫರ್ಸಿ, ಕಟ್ಟೆಗೆ ಫರ್ಸಿ, ಹಿತ್ತಲಿನ ಬೇಲಿಗೂ ನೆಟ್ಟಗೆ ಹೂತ ಫರ್ಸಿ. ಎಲ್ಲ ನಮ್ಮ ನೆಲದಿಂದಲೇ ತೆಗೆದ ಚಪ್ಪಟೆ ಹಾಸುಗಲ್ಲು. ಸರ ಮೊದಲ ಮನೆಯ ಬಾಗಿಲ ಪಕ್ಕದ ಫರ್ಸಿಯನ್ನು ಒದ್ದೆ ಅರಿವೆಯಿಂದ ಒರೆಸಿ, ಮೇಲೆ ಹುಡುಗನ ಹೆಸರು, ಕೆಳಗೆ ಒಂದು ಲೆಕ್ಕ ಬರೆದರು.

"ಮನಿಮನಿಗೆ ಕರಿಹಲಗಿ ಅದ ನೋಡ್ರಿ ಮೇಡಂ. ನಾವು ಸುಮ್ಕ ಫೋನ್ ಫೋನ್ ಅಂತ ಒದರ್ಲಿಕತ್ತೀವಿ" ಎಂದರು.

ಅಂದಿನಿಂದ ದಿನಕ್ಕೊಂದು ಲೆಕ್ಕ, ಎಲ್ಲ ಮನೆಗೂ ಅದೇ. ಸಂಜೆಯೊಳಗೆ ಮಕ್ಕಳು ಅದರ ಕೆಳಗೆ ಬಿಡಿಸಬೇಕು, ಮುಂಜಾನೆ ಸರ ನೋಡಿ ಸರಿ ಗುರುತು ಹಾಕಿ, ಒರೆಸಿ, ಹೊಸದು ಬರೆಯಬೇಕು. ಮಗ್ಗುಲಲ್ಲೇ ನಾನು ಒಂದು ವಿಜ್ಞಾನದ ಪ್ರಶ್ನೆ ಗೀಚುತ್ತಿದ್ದೆ. ಬಿಸಿಲು, ನಾಯಿ, ಮಾಸ್ಕಿನೊಳಗೆ ಇಳಿಯುವ ಬೆವರು. ಒಂದೊಂದು ದಿನ ಲೆಕ್ಕ ಬರೆದು ಮುಗಿಸುವಷ್ಟರಲ್ಲಿ ಮಳೆ ಬಂದು ಎಲ್ಲ ತೊಳೆದುಕೊಂಡು ಹೋಗುತ್ತಿತ್ತು. ಆಗ ನಾನು ಕಟ್ಟೆಯ ಮೇಲೆ ಕುಸಿದು ಕೂತುಬಿಡುತ್ತಿದ್ದೆ.

"ನಿಮಗ ದಣಿವೇ ಆಗಂಗಿಲ್ಲೇನ್ರಿ ಸರ?"

"ಆಗ್ಯಾದ್ರಿ. ಭಾಳ ದಣದೀನಿ. ಅದಕ್ಕೇನೀಗ?" ಎನ್ನುವರು. ಮಳೆ ನಿಂತ ಮೇಲೆ ಮತ್ತೆ ಮೊದಲ ಮನೆಯಿಂದ ಶುರು.

ಇಷ್ಟು ಮಾಡಿ ಮಕ್ಕಳು ಗಣಿತ ಕಲಿಯುತ್ತಾರೆಂಬ ದೊಡ್ಡ ಭ್ರಮೆ ಅವರಿಗೂ ಇರಲಿಲ್ಲ. "ಲೆಕ್ಕ ಎಲ್ಲೀಗೂ ಓಡಿ ಹೋಗಂಗಿಲ್ಲ ಮೇಡಂ, ಹುಡುಗರು ಓಡಿ ಹೋಗ್ತಾರ. ದಿನಾ ಮುಂಜಾನೆ ಇವನ ಹೆಸರು ಇವನ ಮನಿ ಮುಂದ ಕಾಣಬೇಕು. ನಾ ಇನ್ನೂ ಸಾಲಿ ಹುಡುಗ ಅದೀನಿ ಅಂತ ಅವನಿಗೆ ಗೊತ್ತಿರಬೇಕು, ಅಷ್ಟೇ" ಎಂದಿದ್ದರು ಒಮ್ಮೆ.

ಓಣಿಯ ಕೊನೆಯಲ್ಲಿ ಅಂಬಿಕಾಳ ಮನೆ. ತಂದೆಯಿಲ್ಲದ ಹುಡುಗಿ, ಮನೆಯಲ್ಲಿ ಅಜ್ಜಿ ಮತ್ತು ತಾಯಿ ಶರಣಮ್ಮ. ತಾಯಿ ಪಾಲಿಶ್ ಮಷೀನಿನಲ್ಲಿ ಫರ್ಸಿ ಹೊತ್ತು ಗಾಡಿಗೆ ಏರಿಸುವ ಕೆಲಸದವಳು. ಪಕ್ಕದ ಮನೆಯೇ ಅದೇ ತರಗತಿಯ ರೇಷ್ಮಾಳದು. ನಾವು ಹೋದಾಗೆಲ್ಲ ಶರಣಮ್ಮ ಬಾಗಿಲಲ್ಲಿ ನಿಂತು "ಅಂಬಿಕಾ ಜಳಕ ಮಾಡ್ಲಿಕತ್ತಾಳ್ರಿ" ಎಂದೋ "ನೀರಿಗೆ ಹೋಗ್ಯಾಳ್ರಿ" ಎಂದೋ ಹೇಳುವಳು. ಯಾರ ಮನೆಯೊಳಗೂ ಹೋಗುವ ಕಾಲವಲ್ಲ ಅದು. ಫರ್ಸಿಯ ಮೇಲೆ ಉತ್ತರ ಇರುತ್ತಿತ್ತು. ಅಂಕಿಗಳು ಸೊಟ್ಟಪಟ್ಟ, ಆದರೆ ಉತ್ತರ ಸರಿ. ಮನೆಗೆಲಸದ ಅವಸರದಲ್ಲಿ ಬರೆದಿದ್ದಾಳೆ ಎಂದುಕೊಂಡು ಎರಡು ತಿಂಗಳು ಸರಿ ಗುರುತು ಹಾಕಿದೆವು. ಎರಡು ತಿಂಗಳು! ನಾನು ಎಂಥ ಶಾಣ್ಯಾಕಿ ನೋಡಿ.

ಒಂದು ದಿನ ಸರ ಬಹಳ ಬಳಲಿದ್ದರು. "ಇವತ್ತ ಎಲ್ಲರಿಗೂ ಹಗುರದ್ದು ಕೊಡೂಣ" ಎಂದು ಒಂದು ಸಲೀಸಾದ ಲೆಕ್ಕ ಬರೆದರು. ಹನ್ನೆರಡು ಫೂಟು ಉದ್ದ, ಹತ್ತು ಫೂಟು ಅಗಲದ ಖೋಲಿ. ಎರಡು ಫೂಟು ಉದ್ದ, ಒಂದೂವರೆ ಫೂಟು ಅಗಲದ ಫರ್ಸಿ. ಎಷ್ಟು ಫರ್ಸಿ ಬೇಕು?

ಮರುದಿನ ರೇಷ್ಮಾ ಚೆಂದಾಗಿ ಬಿಡಿಸಿ ನಲವತ್ತು ಎಂದು ಬರೆದಿದ್ದಳು. ಅಂಬಿಕಾಳ ಫರ್ಸಿಯ ಮೇಲೂ ಅದೇ ಸಾಲುಗಳು, ಅದೇ ಗುಣಾಕಾರ, ಅದೇ ಭಾಗಾಕಾರ. ಆದರೆ ಕೊನೆಯ ನಲವತ್ತಕ್ಕೆ ಅಡ್ಡಗೆರೆ ಎಳೆದು ನಲವತ್ತೆರಡು ಎಂದು ಬರೆದಿತ್ತು.

"ಎಲ್ಲಾ ಬರೋಬ್ಬರಿ ಮಾಡಿ ಕಡೀಗಿ ನಲವತ್ತೆರಡು ಹ್ಯಾಂಗ ಬಂತು?" ಎಂದು ಸರ ತಮಗೆ ತಾವೇ ಎಂಬಂತೆ ಗೊಣಗಿದರು.

ಬಾಗಿಲಲ್ಲಿ ನಿಂತಿದ್ದ ಶರಣಮ್ಮ ತಡೆಯಲಾರದೆ ಅಂದುಬಿಟ್ಟಳು: "ಎರಡು ಒಡೀತಾವಲ್ರಿ ಸರ! ನಲವತ್ತೇ ಒಯ್ದ್ರ ನೆಲಕ್ಕ ಹಾಸೋ ಗೌಂಡಿ ಬೈತಾನ. ಒಡಕಿಗಂತ ಎರಡು ಜಾಸ್ತಿ ಇಡಬೇಕು."

ಮೌಲಾ ಸರ ನಕ್ಕರು. ಆ ಇಡೀ ವರ್ಷದಲ್ಲಿ ಅವರು ಹಾಗೆ ಬಾಯಿ ತುಂಬ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮಾಸ್ಕು ಗದ್ದಕ್ಕೆ ಇಳಿದಿತ್ತು. ನಗು ನಿಂತ ಮೇಲೆ ಮೆಲ್ಲಗೆ ಕೇಳಿದರು: "ಅಂಬಿಕಾ ಎಲ್ಲಿ ಅದಾಳವ್ವ?"

ಶರಣಮ್ಮ ಹೊಸ್ತಿಲ ಮೇಲೆ ಕೂತು ಅಳತೊಡಗಿದಳು. ಹುಡುಗಿ ಚಿಂಚೋಳಿ ತಾಲೂಕಿನ ಚಿಮ್ಮನಚೋಡದಲ್ಲಿ, ಸೋದರಮಾವನ ಮನೆಯಲ್ಲಿದ್ದಳು. ಮಾವನ ಹೆಂಡತಿ ಲಕ್ವಾ ಹೊಡೆದು ಕೈಕಾಲು ಬಿದ್ದು ಹಾಸಿಗೆ ಹಿಡಿದಿದ್ದಳು, ಸಣ್ಣ ಮಕ್ಕಳು ಬೇರೆ. "ಸಾಲಿ ಹ್ಯಾಂಗೂ ಬಂದ್ ಅದ, ಎರಡು ತಿಂಗಳು ಕಳಸು ಅಂದಾನ್ರಿ ನಮ್ಮಣ್ಣ. ಗಂಡ ಸತ್ತಾಗ ನನಗ ನೆರಳಾದಾಂವ ಅವನೇ. ಇಲ್ಲ ಅನ್ಲಿ ಹ್ಯಾಂಗ? ಈಗ ಕಳಸವಲ್ಲ. ಇಲ್ಲಿ ಫರ್ಸಿ ಖಾಲಿ ಕಂಡ್ರ ನೀವು ಹೆಸರು ಹೊಡದು ಹಾಕ್ತೀರಿ ಅಂತ ದಿನಾ ಸಂಜೀಕ ರೇಷ್ಮಾಂದು ನೋಡಿ ಹಂಗೇ ಇಳಸ್ತಿದ್ದೆರಿ. ನನಗೆಲ್ಲಿ ಓದಲಿಕ್ಕ ಬರ್ತದ್ರಿ, ಅಂಕಿ ಅಷ್ಟೇ ಗೊತ್ತು. ಈ ಫರ್ಸಿ ಲೆಕ್ಕ ರೇಷ್ಮಾ ಒದರಿ ಓದೂದು ಕೇಳಿದ್ದೆರಿ."

ನನಗೆ ಮೈಯೆಲ್ಲ ಉರಿಯಿತು. ಬಿಸಿಲಲ್ಲಿ ಬಂದು ನಾವು ಈ ನಕಲಿಗೆ ಗುರುತು ಹಾಕುತ್ತಿದ್ದೆವಲ್ಲ! ಅಷ್ಟರಲ್ಲಿ ಸರ ನಲವತ್ತೆರಡರ ಮುಂದೆ ದೊಡ್ಡದಾಗಿ ಸರಿ ಗುರುತು ಎಳೆದರು. "ತಪ್ಪಿಗೂ ಸರಿ ಹಾಕ್ತೀರೇನ್ರಿ?" ಎಂದೆ.

"ತಪ್ಪಲ್ಲ ಮೇಡಂ ಇದು. ಪುಸ್ತಕ ಬರದಾಂವ ಫರ್ಸಿ ಹೊತ್ತಿಲ್ಲ."

ಪರೀಕ್ಷೆಗೆ ಹೆಸರು ನೋಂದಾಯಿಸುವ ದಿನ ಹತ್ತಿರವಿತ್ತು. ಆ ವರ್ಷ ತಪ್ಪಿಸಿಕೊಂಡ ಹುಡುಗಿ ಮರುವರ್ಷ ಶಾಲೆಗೆ ತಿರುಗಿ ಬರುವುದು ಸುಳ್ಳೆಂದು ನಮಗೆಲ್ಲ ಗೊತ್ತು. ಮುಖ್ಯಗುರುಗಳಿಗೆ ಹೇಳಿದೆವು. ಅವರೂ ದಣಿದಿದ್ದರು, ಕೆಟ್ಟ ಮನುಷ್ಯರೇನಲ್ಲ. "ವರ್ಷಾ ಒಂದಿಬ್ಬರು ಬಿಟ್ಟೇ ಬಿಡ್ತಾರ್ರಿ. ಈ ವರ್ಷ ಒಬ್ಬಾಕಿ ಅಂದ್ರ ಕಮ್ಮೀನೇ ಆತು" ಎಂದರು. ಮೌಲಾ ಸರ ತಲೆ ತಗ್ಗಿಸಿ ಕೂತಿದ್ದವರು, "ಫರ್ಸಿಗೆ ಒಡಕು ಹಿಡೀಬೇಕ್ರಿ ಸರ. ಹುಡುಗರಿಗೆ ಹಿಡಿಯಂಗಿಲ್ಲ" ಎಂದು ಎದ್ದರು.

ಶರಣಮ್ಮನನ್ನು ಕರೆದುಕೊಂಡು ಚಿತ್ತಾಪುರ, ಸೇಡಂ ದಾಟಿ ಚಿಂಚೋಳಿಗೆ ಹೋಗಿ, ಅಲ್ಲಿಂದ ಇನ್ನೊಂದು ಗಾಡಿ ಹಿಡಿದು ಚಿಮ್ಮನಚೋಡ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ತೊಗರಿ ರಾಶಿಯ ದಿನಗಳು. ಮಾವ ಹೊಲದಿಂದ ಬಂದವನು ಮೈಗೆ ಅಂಟಿದ ಹೊಟ್ಟು ಕೊಡವಿಕೊಳ್ಳುತ್ತ ಎದುರು ಕೂತ. ಒಳಗೆ ಒಲೆಯ ಮುಂದೆ ಅಂಬಿಕಾ ರೊಟ್ಟಿ ತಟ್ಟುತ್ತಿದ್ದಳು. ನಮ್ಮನ್ನು ನೋಡಿ ಎದ್ದು ನಿಲ್ಲಲು ಹೋದವಳು ಮಾವನ ಮುಖ ನೋಡಿ ಮತ್ತೆ ಕೂತಳು.

"ಒಬ್ಬ ಹುಡುಗಿ ಇಲ್ಲಂದ್ರ ನಿಮ್ಮ ಸಾಲಿ ನಿಂದರ್ತದೇನ್ರಿ?" ಎಂದ ಮಾವ.

"ಇಲ್ರಿ. ಸಾಲಿ ನಡೀತದ" ಎಂದರು ಸರ. "ನಡೀತದ ಅಂತೇ ಬಂದೀನಿ. ನಾ ಬರಲಿಲ್ಲಂದ್ರ ಅಕೀ ಒಬ್ಬಾಕಿ ಇದ್ದಳು ಅಂತ ಯಾರಿಗೂ ನೆನಪು ಉಳಿಯಂಗಿಲ್ಲ."

ಮಾವ ಸಿಟ್ಟಾಗಲಿಲ್ಲ. ಅದೇ ಕಷ್ಟ. "ನೀವು ಹೇಳೂದು ಖರೇರಿ ಸರ. ಆದ್ರ ನೋಡ್ರಿ ಇಕೀನ್ನ" ಎಂದು ಮೂಲೆಯ ಹಾಸಿಗೆಯತ್ತ ಕೈ ಮಾಡಿದ. "ಬಾಯಿಗೆ ನೀರು ಹಾಕೋರು ಯಾರ್ರಿ?" ಚಹಾ ಬಂತು, ಕುಡಿದೆವು. ನನಗೆ ಹೊರಟುಬಿಡೋಣ ಅನ್ನಿಸಿತು. ಅಷ್ಟು ದೂರ ಬಂದದ್ದು ಗಾಳಿಗೆ ಹೋಯಿತು ಎಂದುಕೊಂಡೆ.

ಆಗ ಶರಣಮ್ಮ ಎದ್ದಳು. ಕೈ ತೊಳೆದುಕೊಂಡು ಒಲೆಯ ಮುಂದೆ ಹೋಗಿ ಮಗಳ ಭುಜ ಮುಟ್ಟಿ, "ನೀ ಏಳು" ಎಂದಳು. ಮಗಳ ಕೈಯಿಂದ ಹಿಟ್ಟಿನ ಮುದ್ದೆ ತೆಗೆದುಕೊಂಡು ತಾನೇ ತಟ್ಟಲು ಕೂತಳು. "ಅಣ್ಣಾ, ವೈನಿ ಸಲುವಾಗಿ ನಾ ಇರ್ತೀನಿ ಇಲ್ಲಿ. ಮಷೀನಿನ ಕೆಲಸ ಹೋದ್ರ ಹೋಗ್ಲಿ. ಅಂಬೀ, ನೀ ಸರ ಸಂಗಾಟ ಹೋಗು. ಅಜ್ಜಿನ್ನ ನೋಡ್ಕೋ." ಮಗಳ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಕಳಿಸುವುದು ಆಗುತ್ತಿರಲಿಲ್ಲ ಎಂದು ತೋರುತ್ತದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅಂಬಿಕಾ ಅತ್ತು ಅತ್ತು ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಅವಳ ಬೆರಳ ಸಂದಿಯಲ್ಲಿ ಇನ್ನೂ ಜೋಳದ ಹಿಟ್ಟಿತ್ತು. ಗೆದ್ದೆವು ಎಂದು ನಾನು ಸರ ಅವರ ಮುಖ ನೋಡಿದರೆ ಅವರು ಕಿಟಕಿಯ ಆಚೆ ನೋಡುತ್ತಿದ್ದರು.

"ಒಬ್ಬಾಕಿನ್ನ ತರಲಿಕ್ಕ ಹೋಗಿ ಒಬ್ಬಾಕಿನ್ನ ಬಿಟ್ಟು ಬಂದೀವಲ್ರಿ ಮೇಡಂ. ಈ ಲೆಕ್ಕ ಪೂರಾ ಬಿಡಿಸಲಿಕ್ಕ ಆಗಲಿಲ್ಲ ನನಗ."

ಕೆಲವು ತಿಂಗಳು ಶಾಲೆ ತೆರೆದಂತೆ ಮಾಡಿ ಎರಡನೆಯ ಅಲೆಗೆ ಮತ್ತೆ ಮುಚ್ಚಿತು. ನಾನು ನಿಜವಾಗಿಯೂ ಸೋತಿದ್ದೆ. ಸರ ಮತ್ತೆ ಒದ್ದೆ ಅರಿವೆ, ಖಡು ಹಿಡಿದು ಓಣಿಗೆ ಇಳಿದರು. ಅವರು ಹೊರಟರೆ ನಾನು ಮನೆಯಲ್ಲಿ ಹೇಗೆ ಕೂರಲಿ? ಒಂದು ಮುಂಜಾನೆ ಓಣಿಯ ಕೊನೆ ಮುಟ್ಟುವಷ್ಟರಲ್ಲಿ ಅವರ ಕೈ ಮೇಲೇಳಲಿಲ್ಲ. ಎದುರಿನ ಕಟ್ಟೆಯ ಮೇಲೆ ಕೂತು ಖಡುವನ್ನು ನನ್ನತ್ತ ಚಾಚಿದರು. "ನೀವೇ ಬರೀರಿ. ಖೋಲೀದೇ ಬರೀರಿ, ಹಗುರ ಅದ."

ಹನ್ನೆರಡು ಫೂಟು, ಹತ್ತು ಫೂಟು ಎಂದು ಬರೆದೆ. ಅಂಬಿಕಾ ಹೊರಗೆ ಬಂದು ನಿಂತ ನಿಲುವಿಗೇ ಬಿಡಿಸಿ ನಲವತ್ತು ಎಂದು ಬರೆದಳು.

"ನಿಮ್ಮವ್ವ ಎಷ್ಟಂತಾಳ?" ಎಂದರು ಸರ ಕೂತಲ್ಲಿಂದಲೇ.

ಹುಡುಗಿ ನಕ್ಕು ಪಕ್ಕದಲ್ಲಿ ನಲವತ್ತೆರಡು ಬರೆದಳು.

"ಎರಡಕ್ಕೂ ಸರಿ ಹಾಕ್ರಿ ಮೇಡಂ" ಎಂದು ಮೆಲ್ಲಗೆ ಎದ್ದು ತಮ್ಮ ಗಾಡಿಯ ಕಡೆ ನಡೆದರು. ನಡುವೆ ಒಮ್ಮೆ ಗೋಡೆ ಹಿಡಿದು ನಿಂತರು. ಆಗಲೂ ಮಾಸ್ಕಿನ ಮೇಲೆ ಆ ಬಿಳಿ ಹೆಬ್ಬೆಟ್ಟಿತ್ತು, ನಾನು ಗದರಲಿಲ್ಲ. ಅದೇ ಕೊನೆ. ಮೂರನೆಯ ದಿನ ಕಲಬುರಗಿಯ ಆಸ್ಪತ್ರೆಗೆ ಒಯ್ದರಂತೆ, ಹನ್ನೊಂದನೆಯ ದಿನ ಫೋನು ಬಂತು. ಮಣ್ಣಿಗೆ ಹೋಗಲೂ ನಮಗಾಗಲಿಲ್ಲ. ಯಾರ ಮನೆಯಿಂದ ಅಂಟಿತು, ನಾನೇ ಒಯ್ದೆನೋ ಎಂಬ ಲೆಕ್ಕವನ್ನು ಎಷ್ಟೋ ದಿನ ಹಾಕಿದೆ, ಈಗ ಬಿಟ್ಟಿದ್ದೇನೆ.

ಆ ವರ್ಷದ ಪರೀಕ್ಷೆಗೆ ಜನ ಈಗಲೂ 'ಕೊರೊನಾ ಪಾಸು' ಎಂದು ನಗುತ್ತಾರೆ. ನಗಲಿ. ಅವತ್ತು ಕೇಂದ್ರದ ಗೇಟಿನಲ್ಲಿ ನಿಂತು ನಾನು ಎಣಿಸಿದೆ. ಎರಡು ಸಲ ಎಣಿಸಿದೆ. ಮೂವತ್ತೆಂಟಕ್ಕೆ ಮೂವತ್ತೆಂಟೂ ಒಳಗೆ ಹೋದವು. ಅಂಬಿಕಾ ಕೊನೆಯವಳು.

ಅವಳನ್ನು ಕಳಿಸಲು ಶರಣಮ್ಮ ಚಿಮ್ಮನಚೋಡದಿಂದ ಬಂದಿದ್ದಳು. ಬಾಯಿಗೆ ಸೆರಗು ಕಟ್ಟಿಕೊಂಡು ಗೇಟಿನ ಹತ್ತಿರ ಅತ್ತಿತ್ತ ನೋಡುತ್ತಿದ್ದಳು. "ಸರ ಎಲ್ಲದಾರ್ರಿ ಟೀಚರ್? ಕಾಣವಲ್ರು" ಎಂದಳು. ಅವಳಿಗೆ ಯಾರೂ ಹೇಳಿರಲಿಲ್ಲ. ಪರೀಕ್ಷೆ ಮುಗಿಯಲಿ ಎಂದು ಮಗಳೂ ಬಾಯಿ ಬಿಟ್ಟಿರಲಿಲ್ಲ. ನಾನು ಹೇಳಿದೆ.

ಅವಳು ಅಳಲಿಲ್ಲ. ಗೇಟಿನ ಸರಳು ಗಟ್ಟಿಯಾಗಿ ಹಿಡಿದಳು. ಆಮೇಲೆ ನನ್ನ ಕಡೆ ತಿರುಗಿ, ಬೈಯುವ ದನಿಯಲ್ಲಿ ಕೇಳಿದಳು.

"ಕಲ್ಲಿಗೇ ನಾವು ಎರಡು ಜಾಸ್ತಿ ಇಟ್ಟು ಗಾಡಿ ಕಳಸ್ತೀವ್ರಿ. ಅಂಥಾ ಸರಗ ಒಬ್ಬರ್ನ ಜಾಸ್ತಿ ಇಟ್ಟಿರಲಿಲ್ಲೇನ್ರಿ ನೀವು?"

"ಇಲ್ಲವ್ವ, ಇಟ್ಟಿರಲಿಲ್ಲ" ಎಂದೆ.