ಯಶೋದಮ್ಮನ ಕೆಂಪು ಕಣ್ಣಿನ ಆಲೂಗಡ್ಡೆ

ಕೆ.ಆರ್. ಪುರದ ಹಳೇ ಊರಿನಲ್ಲಿ ಯಶೋದಮ್ಮನ ಮನೆ ಹಿಂದೆ ಈಗ ಉಳಿದಿರುವುದು ಎರಡು ಮಂಚದಗಲ ಮಣ್ಣು. ಸುತ್ತ ಎದ್ದ ಫ್ಲಾಟುಗಳು ಬಿಸಿಲನ್ನು ಅರ್ಧ ನುಂಗಿವೆ. ಆ ಮಣ್ಣಿನಲ್ಲೇ ನಲವತ್ತು ವರ್ಷದಿಂದ ಅತ್ತೆ ಕೊಟ್ಟ ಆಲೂಗಡ್ಡೆಯ ತಳಿಯನ್ನು ಉಳಿಸಿಕೊಂಡು ಬಂದವಳು ಆಕೆ. ನಿಂಬೆಹಣ್ಣಿನ ಗಾತ್ರ, ಮೊಳಕೆಯೊಡೆಯುವ ಕಣ್ಣು ಮಾತ್ರ ಕುಂಕುಮ ಇಟ್ಟಷ್ಟು ಕೆಂಪು. ಬೇಯಿಸಿದರೆ ಬೆಣ್ಣೆ. ಪೇಟೆಯಲ್ಲಿ ಹುಡುಕಿದರೂ ಸಿಗದು.

ಈ ಸಲ ಆಯುಧಪೂಜೆಗೆ ನೆಂಟರು ಬಂದರು. ಸೊಸೆ ಬೃಂದಾ ಪೂರಿ ಸಾಗು ಬಡಿಸಿದಳು. ಮೊದಲ ತುತ್ತಿಗೇ ಯಶೋದಮ್ಮನ ಕೈ ನಿಂತಿತು. ನಾಲಿಗೆಗೆ ಗುರುತು ಹತ್ತಿತ್ತು.

"ಈ ಗಡ್ಡೆ ಎಲ್ಲೀದಮ್ಮಾ?"

"ಮಂಚದ ಕೆಳಗಿದ್ದ ಬುಟ್ಟೀದು ಅತ್ತೆ. ಮೊಳಕೆ ಬರ್ತಿತ್ತು, ವೇಸ್ಟ್ ಆಗುತ್ತಲ್ಲ ಅಂತ ಎಲ್ಲಾ ಹಾಕ್ಬಿಟ್ಟೆ."

ಬಿತ್ತನೆಗೆಂದು ಇಟ್ಟದ್ದಷ್ಟೂ ಪಾತ್ರೆ ಸೇರಿತ್ತು. ನೆಂಟರೆದುರು ಸೊಸೆಯನ್ನು ಅನ್ನಲು ಮನಸ್ಸಾಗದೆ ಯಶೋದಮ್ಮ ತಟ್ಟೆ ಖಾಲಿ ಮಾಡಿ ಎದ್ದಳು. ಆಮೇಲೆ ವಿಷಯ ತಿಳಿದು ಬೃಂದಾಳ ಮುಖ ಬಾಡಿಹೋಯಿತು.

ಯಶೋದಮ್ಮನಿಗೆ ಅವಳ ಅತ್ತೆ ಗಡ್ಡೆಯ ಜೊತೆ ಒಂದು ಕಟ್ಟಳೆಯನ್ನೂ ಕೊಟ್ಟಿದ್ದಳು: ಕಿತ್ತ ಗಡ್ಡೆಯಲ್ಲಿ ಮೊದಲ ಬೊಗಸೆ ಹೊರಗಿನವರ ಮಡಿಲಿಗೆ. ಹಿಂದೆ ಯಶೋದಮ್ಮ ಶಿವಾಜಿನಗರದಲ್ಲಿ ತರಕಾರಿ ಮಾರುವಾಗ ಪಕ್ಕದಲ್ಲೇ ಸೊಪ್ಪಿಟ್ಟು ಕೂರುತ್ತಿದ್ದ ಹಮೀದಾಳಿಗೆ ಆ ಬೊಗಸೆ ಪ್ರತಿ ವರ್ಷ ತಪ್ಪದೆ ಹೋಗುತ್ತಿತ್ತು. ಆದರೆ ಕೊಡುವಾಗಲೆಲ್ಲ ಯಶೋದಮ್ಮ ಹೇಳುತ್ತಿದ್ದದ್ದು, "ಮಕ್ಳಿಗೆ ಬೇಯಿಸಿ ಹಾಕು" ಎಂದೇ.

ಒಂದಾದರೂ ಉಳಿದಿದ್ದೀತೆಂದು ಮಾರನೆಯ ದಿನ ಅತ್ತೆ ಸೊಸೆ ಇಬ್ಬರೂ ಶಿವಾಜಿನಗರದ ಬಸ್ಸು ಹತ್ತಿದರು.

ಕಥೆಯೆಲ್ಲ ಕೇಳಿ ಹಮೀದಾ ಬೃಂದಾಳತ್ತ ತಿರುಗಿ ನಕ್ಕಳು. "ನೀನು ಒಂದ್ಸಲ ತಿಂದೆ ಬೇಟಿ. ನಾನು ಇಪ್ಪತ್ತು ವರ್ಷದಿಂದ ತಿಂತಾ ಇದ್ದೀನಿ!"

ಯಶೋದಮ್ಮ ಅವಳ ತೋಳು ಹಿಡಿದಳು. "ಎಲ್ಲಾ ತಿಂದ್ಬಿಟ್ಯೇನೇ?"

"ನಾನೇನು ನಿನ್ ಸೊಸೇನಾ ಯಶೋದಕ್ಕಾ? ಬಾ ಮೇಲೆ."

ತಾರಸಿಯ ತುಂಬ ಮಣ್ಣು ತುಂಬಿದ ಪೇಂಟಿನ ಡಬ್ಬಗಳು. ಮೂಲೆಯ ಗೋಣಿತಾಟನ್ನು ಹಮೀದಾ ಸರಿಸಿದಳು. ಒಣಮರಳಿನಲ್ಲಿ ಒಂಬತ್ತು ಗಡ್ಡೆ, ಕೆಂಪು ಕಣ್ಣು ಬಿಟ್ಟುಕೊಂಡು ಮಲಗಿದ್ದವು.

"ಮಗಳು ಬಾಣಂತಿ ಆದಾಗ ಇದು ಬಿಟ್ಟು ಬೇರೇನೂ ಸೇರ್ಲಿಲ್ಲ. ಅವತ್ತಿಂದ ಕಣ್ಣಿರೋ ಕಡೆ ದಪ್ಪಗೆ ಕೊಯ್ದು ಡಬ್ಬಕ್ಕೆ ಹಾಕ್ತೀನಿ, ಉಳಿದದ್ದು ಸಾರಿಗೆ. ಸೆರಗೊಡ್ಡು."

ಇಷ್ಟು ವರ್ಷ ಕೊಟ್ಟೇ ಗೊತ್ತಿದ್ದ ಯಶೋದಮ್ಮ ಮೊದಲ ಸಲ ಸೆರಗೊಡ್ಡಿದಳು. ಹಮೀದಾಳ ಕೈಯನ್ನು ಗಡ್ಡೆಯ ಸಮೇತ ಹಿಡಿದುಕೊಂಡು ನಿಂತಳು.

ಮನೆಗೆ ಬಂದು ಯಶೋದಮ್ಮ ಚಾಕುವನ್ನು ಬೃಂದಾಳ ಕೈಗೇ ಕೊಟ್ಟಳು. ಒಂದೊಂದು ಹೋಳಿನಲ್ಲಿ ಎರಡು ಕಣ್ಣು, ಕೊಯ್ದ ಮೈಗೆ ಒಲೆಬೂದಿ. ಬೃಂದಾ ಉಸಿರು ಬಿಗಿಹಿಡಿದು ಕೊಯ್ದಳು.

"ಅತ್ತೆ, ಇದ್ರಲ್ಲಿ ಬಂದ ಮೊದಲ ಬೊಗಸೆ?"

"ಹಮೀದಾಗೆ. ತಗೊಂಡ್ಹೋಗೋದು ನೀನೇ."