ಅಪ್ಪನ ಪರದೆಯ ಮೇಲಿನ ಹೆಂಗಸು

ಗುಮಾನಿ ನನ್ನ ಹುಟ್ಟುಗುಣ. ಹಾಲಿನವನು ಒಂದು ದಿನ ತುಸು ಹೆಚ್ಚು ಹಾಲು ಹಾಕಿದರೂ ಇದರಲ್ಲಿ ಏನೋ ಇದೆ ಎಂದು ಚರಿಗೆಗೆ ಬೆರಳಿಟ್ಟು ನೋಡುವವಳು ನಾನು. ಆದರೆ ಮೊಟ್ಟಮೊದಲು ಗುಮಾನಿ ಪಟ್ಟದ್ದು ಹೆತ್ತ ಅಪ್ಪನ ಮೇಲೆ. ಅದನ್ನು ನೆನೆದರೆ ಈ ವಯಸ್ಸಿನಲ್ಲೂ ನಾಚಿಕೆಯಾಗುತ್ತದೆ.

ಅಪ್ಪ ಕಲ್ಯಾಣಪ್ಪ ದಂಡೋತಿಯವನು, ನಾಟಕದ ಪರದೆ ಬರೆಯುವವನು. ಮಂಜರಪಾಟಿನ ಬಟ್ಟೆಗೆ ಅಂಟು ಬಳಿದು ಒಣಗಿಸಿ, ಅದರ ಮೇಲೆ ಅರಮನೆ, ಅಡವಿ, ಊರಬೀದಿ ಬರೆದುಕೊಡುತ್ತಿದ್ದ. ರಜಾಕಾರರ ಗಲಾಟೆಯಲ್ಲಿ ನಾಟಕಗಳೆಲ್ಲ ನಿಂತಾಗ ಶಹಾಬಾದದ ಖಣಿಯಲ್ಲಿ ಕಲ್ಲು ಹೊತ್ತು ನನ್ನ ಹೊಟ್ಟೆ ಹೊರೆದ. ಪೊಲೀಸ್ ಕಾರ್ಯಾಚರಣೆ ಮುಗಿದದ್ದೇ ತಡ, ಸೇಡಂ ಸೀಮೆಯಿಂದ ಶಹಾಬಾದದವರೆಗೆ ಊರೂರಿಗೆ ನಾಟಕದ ಹುಚ್ಚು ಹತ್ತಿತು. ಅಪ್ಪನಿಗೆ ಪುರಸೊತ್ತಿಲ್ಲದಷ್ಟು ಕೆಲಸ.

ಅವ್ವ ಸೂಗಮ್ಮ ನನ್ನನ್ನು ಹೆತ್ತ ಒಂಬತ್ತನೇ ದಿನ ತವರುಮನೆ ಚಿಂಚೋಳಿಯಲ್ಲೇ ತೀರಿಕೊಂಡಳಂತೆ. ಅವಳ ತಾಯಿ ಶಿವಕಾಂತಮ್ಮ, ಅಂದರೆ ನಮ್ಮ ಆಯಿ, ಕೂಸು ಕೊಡುವುದಿಲ್ಲವೆಂದು ಹಟ ಹಿಡಿದರೂ ಅಪ್ಪ ನನ್ನನ್ನು ಎದೆಗವಚಿಕೊಂಡು ತಂದ. ಆಡಿನ ಹಾಲು ಕುಡಿಸಿದ. ಪರದೆ ಇಳಿಬಿಡುವ ಬಿದಿರಿಗೇ ತೊಟ್ಟಿಲು ಕಟ್ಟಿ, ಬಲಗೈಯಲ್ಲಿ ಬಣ್ಣ, ಎಡಗೈಯಲ್ಲಿ ತೊಟ್ಟಿಲ ಹಗ್ಗ ಹಿಡಿದು ದುಡಿದ. ಮರುಮದುವೆಯ ಮಾತು ತಂದವರಿಗೆ ಚಹಾ ಕುಡಿಸಿ ಕಳಿಸುತ್ತಿದ್ದ. ನನಗೆ ಜಡೆ ಹೆಣೆಯುವುದು ಅವನಿಗೆ ಕೊನೆತನಕ ನೆಟ್ಟಗೆ ಬರಲಿಲ್ಲ. ಬೈತಲೆ ಮಾತ್ರ ನೂಲು ಹಿಡಿದು ಗೆರೆ ಎಳೆದಷ್ಟು ನೇರ.

ನನಗೆ ಹನ್ನೊಂದು ತುಂಬಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಅಪ್ಪನ ಪ್ರತಿ ಪರದೆಯಲ್ಲೂ ಅದೇ ಒಬ್ಬ ಹೆಂಗಸು ಇರುತ್ತಿದ್ದಳು. ಅರಮನೆಯ ಕಿಟಕಿಯಲ್ಲಿ, ಇಲ್ಲವೇ ಬಾವಿಕಟ್ಟೆಯ ಮೇಲೆ. ಅಪ್ಪ ಆಗಾಗ ರೈಲ್ವೆ ಜಂಕ್ಷನ್ನಿನ ಊರಾದ ವಾಡಿಗೆ ಹೋಗುತ್ತಿದ್ದ.

“ಬಣ್ಣ ತರಾಕ ಹೊಂಟೀನಿ ಯವ್ವಾ” ಅನ್ನುತ್ತಿದ್ದ. ಬಣ್ಣ ತರುವವನಿಗೆ ಒಗೆದ ಧೋತರ ಯಾಕೆ? ತಲೆಗೆ ಎಣ್ಣೆ ಯಾಕೆ? ಬಂದ ಮೇಲೆ ಚೀಲ ತಡಕಿದರೆ ಬಣ್ಣದ ಒಂದೇ ಪುಡಿಕೆ. ಮರುದಿನವೇ ಆ ಹೆಂಗಸಿನ ಹುಬ್ಬನ್ನೋ ಮೂಗನ್ನೋ ಒರೆಸಿ ಹೊಸದಾಗಿ ಬರೆಯುತ್ತಿದ್ದ.

ಪಕ್ಕದ ಮನೆಯ ಹಣಮಮ್ಮ ನನ್ನ ಗುಮಾನಿಗೆ ಗಾಳಿ ಹಾಕಿದಳು. “ನಿಮ್ಮಪ್ಪ ವಾಡ್ಯಾಗ ರೈಲ್ವೆ ಮಜೀದನ ಮನಿ ಹೊಕ್ಕಿದ್ದು ನಮ್ಮವರು ಕಣ್ಣಾರೆ ಕಂಡಾರ. ಅವನ ಹೇಣ್ತಿ ನಜಮುನ್ನೀಸಾ ಭಾಳ ಚೆಲುವಿ ಅಂತ.”

ಗಲಾಟೆಯ ನಂತರ ಹಿಂದೂ ಮುಸಲ್ಮಾನರು ಒಬ್ಬರ ಹೊಸ್ತಿಲನ್ನು ಇನ್ನೊಬ್ಬರು ತುಳಿಯಲು ಅಂಜುತ್ತಿದ್ದ ದಿನಗಳವು. ನನಗೆ ಎಲ್ಲ ಗೊತ್ತಾದಂತಾಯಿತು.

ಪಂಚಮಿಗೆ ಚಿಂಚೋಳಿಗೆ ಹೋದವಳು ಜೋಕಾಲಿ ಬಿಟ್ಟು ಆಯಿಯ ಕಿವಿಯಲ್ಲಿ ಎಲ್ಲ ಊದಿದೆ. ಆಯಿ ಅಳಲಿಲ್ಲ, ಬೈಯಲಿಲ್ಲ. ಮರುದಿನವೇ ನನ್ನನ್ನು ಕರೆದುಕೊಂಡು ಹೊರಟಳು. ಸೇಡಂವರೆಗೆ ಗಾಡಿ, ಚಿತ್ತಾಪುರದವರೆಗೆ ರೈಲು. ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು: “ನಿನ್ನ ಅರಿವಿ ಗಂಟು ಕಟ್ಕೊಂಡು ನನ್ನ ಜೋಡಿ ಬಂದುಬಿಡು. ಅಂಥವನ ಮನ್ಯಾಗ ಹೆಣ್ಮಗು ಇರಬಾರದು.”

ಅಪ್ಪ ವಾಡಿಗೆ ಹೋಗುವುದು ನಿಲ್ಲಲಿ ಎಂದಷ್ಟೇ ನಾನು ಬಯಸಿದ್ದೆ. ಅಪ್ಪನನ್ನೇ ಬಿಡಬೇಕಾದೀತೆಂದು ಕನಸಿನಲ್ಲೂ ಎಣಿಸಿರಲಿಲ್ಲ.

ಪಡಸಾಲೆಯಲ್ಲಿ ಹೊಸ ಪರದೆ ತೂಗುಬಿದ್ದಿತ್ತು. ಆಯಿ ಕಾಲಿಗೆ ನೀರೂ ಹಾಕಿಕೊಳ್ಳದೆ ಅದರ ಮುಂದೆ ನಿಂತಳು.

“ಕುಂದ್ರಿ ಅತ್ತಿ,” ಅಂದ ಅಪ್ಪ.

“ಕುಂದ್ರಾಕ ಬಂದಿಲ್ಲ. ಈಕಿ ಯಾರು? ಆ ಮಜೀದನ ಹೇಣ್ತಿ ಹೌದಲ್ಲೋ?”

ಅಪ್ಪ ನನ್ನ ಕಡೆ ನೋಡಿದ. ನಾನು ಕಂಬದ ಹಿಂದೆ ಸರಿದೆ.

“ನಜಮುನ್ನೀಸಾನ ಮಾರಿ ನಾ ಇನ್ನಾ ನೋಡಿಲ್ಲ ಅತ್ತಿ. ಆಕಿ ಪಡದೆ ಹಿಂದ ಕುಂತು ಮಾತಾಡ್ತಾಳ. ಮಜೀದ ನನ್ನ ಮಗ್ಗಲದಾಗೇ ಇರ್ತಾನ. ಆಕಿ ಚಿಂಚೋಳಿಯಾಕಿ, ನಿಮ್ಮ ನೆರೆಮನಿ ಹುಡುಗಿ.”

“ನಜ್ಜು? ನಮ್ಮ ಸೂಗಿ ಜೋಡಿ ಜೋಕಾಲಿ ಆಡಾಕಿ?”

“ಹೂಂರಿ. ಸೂಗಮ್ಮ ಹ್ಯಾಂಗ ಇದ್ಲು ಅಂತ ಆಕೀನ್ನ ಕೇಳಿ ಬರ್ತೀನಿ.” ಅಪ್ಪನ ದನಿ ಇಳಿಯಿತು. “ನನಗ ಆಕಿ ಮಾರಿ ನೆನಪಿಲ್ಲ ಅತ್ತಿ.”

ಅದು ಹೇಗೆ ಎಂದು ಆಯಿ ಅಪ್ಪನ ಮುಖ ನೋಡಿದಳು. ಆಮೇಲೆ ಅವಳಿಗೆ ತಿಳಿಯಿತು; ಅವಳೂ ಅಂಥದೇ ಮನೆಯಲ್ಲಿ ಬಾಳಿದವಳು. ಅವ್ವ ಇದ್ದಾಗ ಅಪ್ಪ ಇನ್ನೂ ಬೇರೆ ಮನೆ ಮಾಡಿರಲಿಲ್ಲ; ಹತ್ತು ಮಂದಿಯ ಕುಟುಂಬ. ಹಗಲಲ್ಲಿ ಹಿರಿಯರ ಎದುರು ಸೊಸೆಯ ಸೆರಗು ಗದ್ದದ ತನಕ. ರಾತ್ರಿ ದೀಪ ಆರಿಸಿದ ಮೇಲೆಯೇ ಗಂಡನ ಕೋಣೆ. ಅವ್ವ ಒಂದೂವರೆ ವರ್ಷ ಹಾಗೆ ಸಂಸಾರ ಮಾಡಿ, ಬಸುರಿಗೆ ಏಳು ತಿಂಗಳಾದಾಗ ತವರಿಗೆ ಹೋದವಳು ತಿರುಗಿ ಬರಲಿಲ್ಲ. ಒಂದು ಫೋಟೋ ಕೂಡ ಇರಲಿಲ್ಲ.

“ನನ್ನ ಕೇಳಿದ್ರ ಆಗ್ತಿರಲಿಲ್ಲೇನೋ?”

“ಹೆತ್ತಾಕಿ ಮುಂದ ಹ್ಯಾಂಗ ಹೇಳ್ಲಿ? ಹೇಣ್ತಿ ಮಾರಿ ಮರ್ತಾಂವ ಮಗಳ್ನ ಏನ್ ಜ್ವಾಕಿ ಮಾಡ್ತಾನ ಅಂತ ಕೂಸಿನ್ನ ಒಯ್ತೀರಿ ಅಂತ ಅಂಜಿದ್ದೆ.”

“ಈ ಹುಡುಗಿ ಮಾರಿ ನೋಡಿ ಬರೀಬೇಕಿತ್ತು.”

“ಇದಕ್ಕ ನನ್ನ ಮಾರೀನೇ ಬಂದದಲ್ರಿ.”

ಆಯಿಗೆ ನಗು ಬಂತೋ ಅಳು ಬಂತೋ, ಸೆರಗು ಬಾಯಿಗೆ ಒತ್ತಿಕೊಂಡಳು. ಆಮೇಲೆ ಪರದೆಯ ಹತ್ತಿರ ಹೋಗಿ ಬೆರಳಿಟ್ಟು ತೋರಿಸಿದಳು. “ಮೂಗು ನಮ್ಮ ಸೂಗೀದೇ ಅದ. ಗದ್ದ ಅಲ್ಲ. ಇಷ್ಟು ಚೂಪು ಇರಲಿಲ್ಲ.”

ಅಪ್ಪ ಇದ್ದಿಲು ಎತ್ತಿಕೊಂಡ. ಆಯಿ ಹೇಳಿದಂತೆ ಬರೆದ, ಒರೆಸಿದ, ಮತ್ತೆ ಬರೆದ. ಹೊತ್ತು ಮುಳುಗುವತನಕ ಇಬ್ಬರೂ ಊಟದ ನೆನಪಿಲ್ಲದೆ ನಿಂತಿದ್ದರು.

ಮರುದಿನ ಚಿತ್ತಾಪುರದಲ್ಲಿ ಆಯಿ ಒಬ್ಬಳೇ ರೈಲು ಹತ್ತಿದಳು. ಅವಳನ್ನು ಕಳಿಸಿ ತಿರುಗಿ ಬರುವಾಗ ಅಪ್ಪ ನನ್ನನ್ನು ಬೈಯಲೂ ಇಲ್ಲ. ಅದನ್ನು ತಡೆಯಲಾರದೆ ನಾನೇ ಕೇಳಿದೆ, “ನನಗರ ಹೇಳಬಾರದಿತ್ತೇನಪ್ಪ?”

“ನಮ್ಮವ್ವ ಹ್ಯಾಂಗ ಇದ್ಲು ಅಂತ ನೀ ಒಂದಿನ ಕೇಳೇ ಕೇಳ್ತಿ ಯವ್ವಾ. ಅಷ್ಟೊತ್ತಿಗೆ ಕಲ್ತಿಟ್ಕೊಂಡಿರಬೇಕು ಅಂತಿದ್ದೆ,” ಅಂದ.

ಆ ಹೆಂಗಸಿನ ಬಗ್ಗೆ ನಾನು ಹಣಮಮ್ಮನ ಮಾತು ನಂಬಿದ್ದೆ, ಆಯಿಯ ಕಿವಿ ಊದಿದ್ದೆ. ಅವಳು ಯಾರೆಂದು ಅಪ್ಪನನ್ನು ಮಾತ್ರ ಒಂದು ಸಲವೂ ಕೇಳಿರಲಿಲ್ಲ.